ಪಂಚಕಕ್ಕೆ ಎರಡು ದಿನ ಇತ್ತು

ಗೃಹಪ್ರವೇಶದ ದಿನ ಒಂದು ರಾತ್ರಿ ಮಲಗಿದ್ದು ಬಿಟ್ಟರೆ ಆ ಮನೆಯಲ್ಲಿ ನಾವು ವಾಸ ಮಾಡಲೇ ಇಲ್ಲ. ಬಾಡಿಗೆಗೆ ಕೊಡುವುದಕ್ಕೆಂದೇ ಕಟ್ಟಿಸಿದ ಮನೆ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತುಮಕೂರಿನಲ್ಲಿ ಶಿರಾ ಗೇಟಿನ ಆಚೆ ಬಡಾವಣೆಗಳು ಆಗಿನ್ನೂ ಏಳುತ್ತಿದ್ದವು. ನಾನು ಗುಬ್ಬಿಯಲ್ಲಿ ಪ್ರೈಮರಿ ಶಾಲೆಯ ಟೀಚರ್, ನನ್ನ ಗಂಡ ಅಲ್ಲೇ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಗುಬ್ಬಿಯಲ್ಲಿ ನಾವೇ ಬಾಡಿಗೆಗಿದ್ದೆವು. ಬಾಡಿಗೆ ಮನೆಯಲ್ಲಿದ್ದುಕೊಂಡು ಇನ್ನೊಬ್ಬರಿಗೆ ಓನರ್ ಆಗುವ ಹುಚ್ಚು ಹಿಡಿದದ್ದು ನನಗೇ. "ಸೈಟು ಹಂಗೇ ಬಿದ್ದಿರ್ಲಿ ಬಿಡೆ, ಅದೇನು ಅನ್ನ ಕೇಳುತ್ತಾ?" ಎಂದು ಗಂಡ ಹೇಳಿ ನೋಡಿದರು. ನಾನು ಹಟಮಾರಿ. ಬ್ಯಾಂಕಿನಲ್ಲಿ ಸಾಲ ತೆಗೆದೆ. ಬಾಡಿಗೆ ಬಂದರೆ ಕಂತು ತಾನಾಗಿಯೇ ತೀರಿಕೊಂಡು ಹೋಗುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಪಾಠ ಹೇಳಿದೆ.

ನನಗೆ ಪಾಠ ಹೇಳಿದವರು ನಮ್ಮ ಶಾಲೆಯ ಹಿರಿಯ ಟೀಚರ್. ಅವರು ತುಮಕೂರಿನಲ್ಲಿ ಮೂರು ಮನೆ ಬಾಡಿಗೆಗೆ ಬಿಟ್ಟಿದ್ದರು. ನಲ್ಲಿ ಯಾವುದು ಹಾಕಿಸಬೇಕು, ಅಡ್ವಾನ್ಸ್ ಎಷ್ಟು ಕೇಳಬೇಕು, ಕರಾರಿಗೆ ಯಾಕೆ ಹನ್ನೊಂದೇ ತಿಂಗಳು ಬರೆಸಬೇಕು, ಎಲ್ಲ ಅವರಿಂದಲೇ ಕಲಿತೆ. ಒಂದು ದಿನ ಊಟದ ಡಬ್ಬಿ ಮುಚ್ಚುತ್ತಾ, "ವಯಸ್ಸಾದವ್ರು ಇರೋ ಸಂಸಾರ ಮಾತ್ರ ಬೇಡಮ್ಮ" ಎಂದರು. ಯಾಕೆಂದು ಕೇಳಿದೆ. "ಕೆಟ್ಟ ನಕ್ಷತ್ರದಲ್ಲಿ ಹೋದ್ರು ಅಂದ್ಕೋ. ಮನೆಗೆ ಬೀಗ ಹಾಕ್ಬೇಕು. ಮೂರು ತಿಂಗಳೋ, ಆರು ತಿಂಗಳೋ. ಧನಿಷ್ಠಾ ಪಂಚಕ ಆದ್ರಂತೂ ಆರು ತಿಂಗಳೇ. ಆಮೇಲೂ ಆ ಮನೆಗೆ ಯಾರು ಬರ್ತಾರೆ?" ನಾನು ನಕ್ಕೆ. ವಿಜ್ಞಾನದ ಪಾಠ ಮಾಡುವವಳು ನಾನು, ನಗಲೇಬೇಕಿತ್ತು. ಆದರೆ ಬಾಡಿಗೆಗೆ ಬಂದ ಮೊದಲ ಸಂಸಾರಕ್ಕೆ ನಾನು ಕೇಳಿದ ಮೊದಲ ಪ್ರಶ್ನೆ, "ಮನೇಲಿ ವಯಸ್ಸಾದವ್ರು ಯಾರಾದ್ರೂ ಇದಾರಾ?" ಎಂದೇ.

"ಇಲ್ಲ ಮೇಡಂ, ನಾವು ಮೂರೇ ಜನ" ಎಂದ ಮನೆ ನೋಡಲು ಬಂದವನು. ತುಮಕೂರು–ಕುಣಿಗಲ್ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಹೆಂಡತಿ, ಶಾಲೆಗೆ ಹೋಗುವ ಒಬ್ಬ ಮಗಳು. ಮನೆಯನ್ನು ಕನ್ನಡಿಯಂತೆ ಇಟ್ಟುಕೊಂಡರು. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಗುಬ್ಬಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಅವಳು ಕಾಫಿ ಕೊಡುತ್ತಿದ್ದಳು, ಅವನು ಬಾಡಿಗೆ ಕೊಡುತ್ತಿದ್ದ. ಬರುವಾಗ ಗೇಟಿನ ಹೊರಗೆ ಒಂದು ಗಳಿಗೆ ನಿಂತು ಮನೆಯನ್ನು ನೋಡುತ್ತಿದ್ದೆ. ನಾಚಿಕೆಯೇನು, ಆಗ ನನಗೆ ತುಂಬ ಜಂಬ ಇತ್ತು.

ಎಂಟು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಒಳಗೆ ಕಾಲಿಟ್ಟರೆ ಹಾಲಿನಲ್ಲಿ ಒಂದು ಮಂಚ, ಮಂಚದ ಮೇಲೆ ಒಬ್ಬ ಮುದುಕಿ. ಕಂಡಕ್ಟರನ ತಾಯಿ. ಹುಲಿಯೂರುದುರ್ಗದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದವಳನ್ನು ಹುಷಾರಿಲ್ಲ ಎಂದು ಇಲ್ಲಿಗೆ ಕರೆತಂದಿದ್ದರು. "ನಾಲ್ಕು ದಿನ ಆಸ್ಪತ್ರೆಗೆ ತೋರಿಸ್ಕೊಂಡು ಹೋಗ್ತಾರೆ ಅಕ್ಕ" ಎಂದಳು ಸೊಸೆ, ನಾನು ಕೇಳುವ ಮೊದಲೇ. ಮುದುಕಿ ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು. "ನೀನೇನವ್ವ ಮನೆಯಮ್ಮ? ಚೆಂದಾಗಿ ಕಟ್ಟಿಸಿದೀಯ ಕಣವ್ವ. ಗಾಳಿ ಚೆನ್ನಾಗಿ ಬತ್ತದೆ."

ನಾಲ್ಕು ದಿನ ಎಂದದ್ದು ನಾಲ್ಕು ತಿಂಗಳಾಯಿತು. ಪ್ರತಿ ಸಲ ಹೋದಾಗಲೂ ಅವಳು ಇನ್ನಷ್ಟು ಇಳಿದಿರುತ್ತಿದ್ದಳು. ಪ್ರತಿ ಸಲವೂ ಕೈ ಹಿಡಿದು ನನ್ನ ಮಕ್ಕಳ ಸಮಾಚಾರ ಕೇಳುತ್ತಿದ್ದಳು. ನಾನು ಉತ್ತರ ಕೊಡುತ್ತಾ ಅವಳ ಉಸಿರು ಗಮನಿಸುತ್ತಿದ್ದೆ. ಬರೆಯುವುದಕ್ಕೆ ಹೇಸಿಗೆಯಾಗುತ್ತದೆ, ಆದರೂ ನಿಜ: ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ನಮ್ಮ ಇಬ್ಬರ ಸಂಬಳದಲ್ಲಿ ಗುಬ್ಬಿಯ ಬಾಡಿಗೆ, ಮಕ್ಕಳ ಫೀಸು ಹೋಗಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಆರು ತಿಂಗಳು ಬೀಗ ಬಿದ್ದರೆ ಬ್ಯಾಂಕಿನವರು ನಕ್ಷತ್ರ ಕೇಳುವುದಿಲ್ಲ. ಸಾಲ ಕಟ್ಟಲಾಗದೆ ಮನೆಯೇ ಕೈಬಿಟ್ಟು ಹೋಗುತ್ತದೆ ಎಂಬ ಭಯ ಹಿಡಿದುಬಿಟ್ಟಿತ್ತು.

ಒಂದು ಬುಧವಾರ ಬೆಳಿಗ್ಗೆ ಶಾಲೆಗೆ ಫೋನ್ ಬಂತು. ಮಾಡಿದವರು ಆ ಮನೆಯ ಎದುರಿನ ಅಂಗಡಿಯವರು. ಏನಾದರೂ ವಿಷಯವಿದ್ದರೆ ತಿಳಿಸಿ ಎಂದು ನಾನೇ ನಂಬರ್ ಕೊಟ್ಟು ಬಂದಿದ್ದೆ. "ಮೇಡಂ, ಅಜ್ಜೀನ ಆಸ್ಪತ್ರೆಯಿಂದ ವಾಪಸ್ ಕರ್ಕೊಂಬಂದವ್ರೆ. ಇನ್ನು ಮನೇಲೇ ನೋಡ್ಕೊಳ್ಳಿ ಅಂದ್ಬುಟ್ರಂತೆ ಡಾಕ್ಟ್ರು."

ಹಿರಿಯ ಟೀಚರ್ ಸ್ಟಾಫ್ ರೂಮಿನ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಬೆರಳಿನಲ್ಲಿ ಸಾಲು ಹುಡುಕಿದರು. "ಶುಕ್ರವಾರದಿಂದ ಪಂಚಕ. ಐದು ದಿನ ಇರುತ್ತೆ. ಇವತ್ತೇ ಹೋಗಿ ಹೇಳ್ಬಿಡು." ಏನು ಹೇಳಬೇಕು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಮಂಡಿಗೆ ಹೋಗಿ ಗಂಡನನ್ನು ಕರೆದೆ. ಅವರು ತಲೆ ಎತ್ತಲಿಲ್ಲ. "ಮನೆ ಕಟ್ಟಿಸಿದ್ದು ನೀನು. ನೀನೇ ಹೋಗಿ ಹೇಳು. ನನ್ನ ಕೈಲಿ ಆಗಲ್ಲ."

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. 'ಕರೆದುಕೊಂಡು ಹೋಗಿ' ಎಂದರೆ ಒರಟಾಗುತ್ತದೆ. 'ಊರಿನಲ್ಲಿ ನಾಲ್ಕು ಜನ ಇರ್ತಾರೆ' ಎನ್ನಬೇಕು. 'ಅವರ ಜೀವಕ್ಕೂ ಸಮಾಧಾನ' ಎನ್ನಬೇಕು. ತುಮಕೂರು ಬರುವಷ್ಟರಲ್ಲಿ ಮಾತು ಎಷ್ಟು ನಯವಾಗಿತ್ತೆಂದರೆ ನಾನೇ ನಂಬಿಬಿಟ್ಟಿದ್ದೆ.

ಬಾಗಿಲು ತೆರೆದೇ ಇತ್ತು. ಸೊಸೆ ಚಮಚದಲ್ಲಿ ನೀರು ಬಿಡುತ್ತಿದ್ದಳು. ಅರ್ಧ ಒಳಗೆ ಹೋದರೆ ಅರ್ಧ ಕಟಬಾಯಿಂದ ಇಳಿಯುತ್ತಿತ್ತು. ಕಂಡಕ್ಟರ್ ಖಾಕಿ ಅಂಗಿಯಲ್ಲೇ ಗೋಡೆಗೆ ಒರಗಿ ಕೂತಿದ್ದವನು ಎದ್ದು ಕುರ್ಚಿ ಕೊಟ್ಟ. ಭಾನುವಾರವಲ್ಲದ ದಿನ ನಾನು ಬಂದದ್ದು ಯಾಕೆಂದು ಇಬ್ಬರಿಗೂ ಆಗಲೇ ತಿಳಿದಿತ್ತೆಂದು ಕಾಣುತ್ತದೆ. ಮುದುಕಿ ಕಣ್ಣು ತೆರೆದಳು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಮನೆಯಮ್ಮ ಬಂದವ್ಳೆ. ಕಾಪಿ ಮಾಡವ್ವ" ಎಂದಳು ಸೊಸೆಗೆ. ಸೊಸೆ ಚಮಚ ಇಟ್ಟು ಅಡಿಗೆಮನೆಗೆ ಹೋದಳು.

ಆಗಲೇ ಹೇಳದಿದ್ದರೆ ಇನ್ನು ಆಗದು ಅನಿಸಿತು. "ಊರಲ್ಲಿ ನಾಲ್ಕು ಜನ ಇರ್ತಾರೆ..." ಎಂದು ಶುರು ಮಾಡಿದೆ. ಮುಂದಿನದು ನೆನಪಾಗಲಿಲ್ಲ.

ಅವನೇ ಮುಗಿಸಿದ. "ಪಂಚಕ ಅಂತ ತಾನೆ ಮೇಡಂ? ನಾನೂ ಕ್ಯಾಲೆಂಡರ್ ನೋಡಿದೀನಿ."

"ತಪ್ಪು ತಿಳ್ಕೋಬೇಡಿ. ಬ್ಯಾಂಕ್ ಲೋನು..."

"ಗೊತ್ತು ಬುಡಿ ಮೇಡಂ. ನೀವೂ ಕಷ್ಟಪಟ್ಟು ಕಟ್ಟಿಸಿದೀರಿ." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನೂ ದನಿ ಎತ್ತರಿಸಿ ಮಾತಾಡಿ, ಗೆದ್ದು ಹೋಗುತ್ತಿದ್ದೆ. "ನಾಳೆ ಬೆಳಿಗ್ಗೆ ಒಂದು ವ್ಯಾನ್ ಹೇಳ್ತೀನಿ. ಅಣ್ಣನ ಮನೇಲಿ ಅತ್ತಿಗೆ ಏನಂತಾರೋ ಗೊತ್ತಿಲ್ಲ. ಹೆಂಗೋ ಒಪ್ಪಿಸ್ತೀನಿ." ಹುಷಾರು ತಪ್ಪುತ್ತಲೇ ಇಲ್ಲಿಗೆ ಕಳಿಸಿಬಿಟ್ಟ ಅತ್ತಿಗೆ ಈಗ ಮುದುಕಿಯನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಕಾಫಿ ಬಂತು. ಮುದುಕಿ ನನ್ನ ಕಡೆಯೇ ನೋಡುತ್ತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. "ಬಿಸಿ ಇರೋವಾಗ್ಲೆ ಕುಡಿ" ಎಂದಳು. ಕುಡಿದೆ. ಲೋಟದಲ್ಲಿ ಒಂದು ಹನಿ ಬಿಡದೆ ಕುಡಿದು, ಬರ್ತೀನಿ ಅಜ್ಜಿ ಎಂದು ಹೇಳಿ, ಹೊರಗೆ ಬಂದೆ. ಆ ದಿನ ಗೇಟಿನ ಹತ್ತಿರ ನಿಲ್ಲಲಿಲ್ಲ.

ಗುರುವಾರ ಏನು ಪಾಠ ಮಾಡಿದೆನೋ ನೆನಪಿಲ್ಲ. ಫೋನ್ ಗಂಟೆ ಹೊಡೆದಾಗಲೆಲ್ಲ ಬರೆಯುವ ಕೈ ಬೋರ್ಡಿನ ಮೇಲೆ ನಿಲ್ಲುತ್ತಿತ್ತು. ವ್ಯಾನು ಹೊರಟಿತೆಂದು ಅಂಗಡಿಯವರು ಬೆಳಿಗ್ಗೆಯೇ ತಿಳಿಸಿದ್ದರು. ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಕುಣಿಗಲ್ ರಸ್ತೆಯ ಗುಂಡಿಗಳೆಲ್ಲ ನನಗೆ ಗೊತ್ತಿದ್ದವು, ಒಂದೊಂದನ್ನೂ ಎಣಿಸುತ್ತಾ ಕೂತಿದ್ದೆ. ದೇವರೇ, ಊರು ಮುಟ್ಟಲಿ ಎಂದು ಬೇಡಿಕೊಂಡೆ.

ಸೋಮವಾರ ಅವನು ಗುಬ್ಬಿಗೆ ಬಂದ. ಮಧ್ಯಾಹ್ನದ ಬಿಡುವು, ಸ್ಟಾಫ್ ರೂಮಿನ ಬಾಗಿಲಲ್ಲಿ ತಲೆ ಬೋಳಿಸಿಕೊಂಡು ನಿಂತಿದ್ದ. ನಾನು ಎದ್ದು ನಿಂತೆ. ಹಿರಿಯ ಟೀಚರ್ ನನಗಿಂತ ಮುಂಚೆ ಕೇಳಿಬಿಟ್ಟರು: "ಯಾವತ್ತು ಹೋದ್ರಪ್ಪ?"

"ಗುರುವಾರಾನೇ ಮೇಡಂ. ಊರು ಸಿಗ್ಲಿಲ್ಲ. ಹೆಬ್ಬೂರು ದಾಟಿದ್ವಿ, ವ್ಯಾನಲ್ಲೇ ಜೀವ ಹೋಯ್ತು. ಹನ್ನೊಂದು ಗಂಟೆ ಆಗಿತ್ತು."

ಟೀಚರ್ ಕ್ಯಾಲೆಂಡರ್ ಕಡೆ ತಿರುಗಿದರು. "ಗುರುವಾರ ದೋಷವೇ ಇರ್ಲಿಲ್ವಲ್ಲ. ಒಳ್ಳೆ ನಕ್ಷತ್ರ."

ದೋಷವಿರಲಿಲ್ಲ. ಮಂಚದ ಮೇಲೇ ಹೋಗಿದ್ದರೂ ಮನೆಗೆ ಬೀಗ ಹಾಕಬೇಕಾಗಿರಲಿಲ್ಲ. ಸೊಸೆಯ ಕೈಯ ನೀರು ಬಾಯಲ್ಲಿರುವಾಗಲೇ, ಆ ಗಾಳಿಯಲ್ಲೇ ಹೋಗಬಹುದಿತ್ತು. ನಾನು ಅವನ ಮುಖ ನೋಡಿದೆ. ಆ ಲೆಕ್ಕವನ್ನು ಅವನು ಮೊದಲೇ ಹಾಕಿಯಾಗಿತ್ತು.

ಕ್ಷಮಿಸಿ ಎನ್ನಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಜೇಬಿನಿಂದ ಆ ತಿಂಗಳ ಬಾಡಿಗೆ ತೆಗೆದು ಮೇಜಿನ ಮೇಲಿಟ್ಟ. "ಭಾನುವಾರ ನಾವು ಊರಲ್ಲಿರ್ತೀವಿ. ನೀವು ಸುಮ್ನೆ ಬಂದು ತಿರುಗಾಡೋದು ಬ್ಯಾಡ ಅಂತ." ಹೊರಡಲು ತಿರುಗಿದವನು ಮತ್ತೆ ನಿಂತ. ಏನೋ ಕೇಳಬೇಕಿತ್ತು, ಕೇಳಲು ಸಂಕೋಚ.

"ತಿಥಿ ಆದ್ಮೇಲೆ ಅವ್ವನ ಫೋಟೋ ಹಾಕ್ಬೇಕು ಮೇಡಂ. ಹಾಲಲ್ಲಿ ಒಂದು ಮೊಳೆ ಹೊಡ್ಕೋಬೋದಾ? ಬ್ಯಾಡ ಅಂದ್ರೆ ಟೇಬಲ್ ಮೇಲಿಡ್ತೀನಿ."

ಅವನು ಚುಚ್ಚಿ ಹೇಳಲಿಲ್ಲ. ಬಾಡಿಗೆಗಿರುವವರು ಓನರನ್ನು ಕೇಳುವ ಹಾಗೆ ನಿಜವಾಗಿಯೂ ಕೇಳಿ, ನನ್ನ ಅಪ್ಪಣೆಗೆ ಕಾಯುತ್ತಾ ನಿಂತಿದ್ದ. ಹೊಡ್ಕೊಳ್ಳಿ ಎಂದು ತಲೆಯಾಡಿಸಿದೆ.