ಒಬ್ಬರು ಸ್ವಿಟ್ಜರ್ಲೆಂಡಿಗೆ, ಒಬ್ಬರು ಮುಲುಂಡಿಗೆ

ಮೂವತ್ತೊಂದು ವರ್ಷ ನಾನು ಮುಂಬಯಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿದೆ. ಆಲ್ಪ್ಸ್ ಪರ್ವತದ ಎತ್ತರ, ರೈನ್ ನದಿ ಹುಟ್ಟುವ ಜಾಗ, ಸ್ವಿಟ್ಜರ್ಲೆಂಡಿನ ಹಸುಗಳು ಬೇಸಿಗೆಯಲ್ಲಿ ಬೆಟ್ಟ ಹತ್ತಿ ಚಳಿಗೆ ಮುಂಚೆ ಇಳಿದುಬರುವ ಕ್ರಮ, ಎಲ್ಲವನ್ನೂ ಕಣ್ಣಾರೆ ಕಂಡವಳ ಹಾಗೆ ವರ್ಣಿಸುತ್ತಿದ್ದೆ. ನಿಜವಾಗಿ ನಾನು ಕಂಡ ಅತಿ ಎತ್ತರದ ಪರ್ವತವೆಂದರೆ ಖಂಡಾಲಾ ಘಾಟು. ಅದೂ ಪುಣೆಯ ಮದುವೆಯೊಂದಕ್ಕೆ ಹೋಗುವಾಗ, ರೈಲಿನಲ್ಲಿ, ಕಿಟಕಿ ಹಿಡಿದು ಕೂತಿದ್ದ ದಪ್ಪನೆಯ ಹೆಂಗಸಿನ ಭುಜದ ಮೇಲಿಂದ. ಕೋಶ ಓದಬೇಕು, ದೇಶ ಸುತ್ತಬೇಕು ಎನ್ನುತ್ತಾರಲ್ಲ, ನಾನು ಮೊದಲನೆಯದನ್ನು ಮಾಡಿ ಎರಡಕ್ಕೂ ಮಾರ್ಕು ತೆಗೆದುಕೊಂಡವಳು.

ಹಾಗಾಗಿ ರಿಟೈರ್ ಆದಾಗ ನನಗಿದ್ದದ್ದು ಒಂದೇ ಆಸೆ. ಅದಕ್ಕೆ ಕುಮ್ಮಕ್ಕು ಕೊಟ್ಟದ್ದು ಮುಲುಂಡಿನ ನಮ್ಮ ಸೊಸೈಟಿಯ ಗಾಳಿ. ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಗ್ರೂಪ್ ಟೂರಿನ ಸಾಂಕ್ರಾಮಿಕ ಶುರುವಾಗಿತ್ತು. ಹಿಂದೆ ರಿಟೈರ್ ಆದವರು ಕಾಶಿಗೆ ಹೋಗಿ ಗಂಗೆಯ ಗಿಂಡಿ ತಂದು ಮನೆಮನೆಗೂ ಹಂಚುತ್ತಿದ್ದರು. ಈಗ ಯುರೋಪಿಗೆ ಹೋಗಿ ಚಾಕೊಲೇಟು ತಂದು ಹಂಚುತ್ತಿದ್ದರು. ಜೊತೆಗೆ ಅಡಿಗೆಯವನೂ ಇರುತ್ತಾನಂತೆ, ಹಿಮದ ಮಧ್ಯೆ ಕೂಡ ಬಿಸಿಬಿಸಿ ಬಟಾಟೆ ಭಾಜಿ ಸಿಗುತ್ತದಂತೆ ಎಂದು ಎದುರು ಮನೆಯವರು ಹೇಳಿದ ದಿನ ನನ್ನ ಉಳಿದ ಸಂದೇಹವೂ ಕರಗಿತು.

ಕರಗದೆ ಉಳಿದವರು ಇವರು. ಇವರು ಎಂದರೆ ನಮ್ಮ ಯಜಮಾನರು. ಹೆಸರು ಹೇಳಿ ಅಭ್ಯಾಸವಿಲ್ಲ, ಈ ವಯಸ್ಸಿನಲ್ಲಿ ಕಲಿಯುವ ಉತ್ಸಾಹವೂ ಇಲ್ಲ. ಮೈಸೂರಿನಿಂದ ಬಂದು ಫೋರ್ಟಿನ ಆರ್ಕಿಟೆಕ್ಟ್ ಆಫೀಸೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ, ಇಡೀ ಬಾಳು ಗೆರೆ ಎಳೆದವರು. ನನ್ನ ಆಸೆಯ ಮೇಲೂ ಒಂದು ಗೆರೆ ಎಳೆದರು.

"ನಮ್ಮ ದೇಶದಲ್ಲೇ ಹಿಮಾಲಯ ಇಲ್ವೇನೆ? ಅದನ್ನ ಬಿಟ್ಟು ಆಲ್ಪ್ಸ್ ಯಾಕೆ?"

"ಸರಿ ಬಿಡಿ, ಹಿಮಾಲಯಕ್ಕೇ ಹೋಗೋಣ."

"ಅಲ್ಲಿ ಚಳಿ."

"ಊಟಿ?"

"ಘಾಟ್ ರೋಡು. ಗಂಟೆಗಟ್ಟಲೆ ಬಸ್ಸು."

ಹೀಗೆ ಒಂದು ವರ್ಷ ನಡೆಯಿತು. ಕೊನೆಗೆ ಇವರು ಸಮುದ್ರವನ್ನು ದಾಟುವುದೇ ನಿಷಿದ್ಧ, ನಮ್ಮ ತಾತಂದಿರ ಕಾಲದಲ್ಲಿ ದಾಟಿದವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು ಎನ್ನುವವರೆಗೆ ಹೋದರು. ಆಫೀಸಿನ ಕ್ಯಾಂಟೀನಿನಲ್ಲಿ ಇಪ್ಪತ್ತೈದು ವರ್ಷ ಆಮ್ಲೆಟ್ ತಿಂದ ಬಾಯಿಂದ ಧರ್ಮಶಾಸ್ತ್ರ ಹೊರಬಂದದ್ದು ಅದೇ ಮೊದಲು. ನಾನು ಇವರನ್ನು ಪೂರ್ತಿ ತಪ್ಪು ಎನ್ನಲಾರೆ. ನಮ್ಮ ಮದುವೆಗಳಲ್ಲಿ ವರ ಛತ್ರಿ ಹಿಡಿದು, ಮೆಟ್ಟು ಮೆಟ್ಟಿಕೊಂಡು ಕಾಶಿಯಾತ್ರೆಗೆ ಹೊರಡುತ್ತಾನೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹೆಣ್ಣಿನ ಕಡೆಯವರು ಬೆಲ್ಲ ತೆಂಗಿನಕಾಯಿ ತೋರಿಸಿ ಹಿಂದಕ್ಕೆ ಕರೆದುಕೊಂಡು ಬರುತ್ತಾರೆ. ಮೊದಲ ಪ್ರವಾಸವೇ ಹತ್ತು ಹೆಜ್ಜೆಗೆ ಮುಗಿದ ಗಂಡಸಿನಿಂದ ಮುಂದೆ ಏನನ್ನು ನಿರೀಕ್ಷಿಸುವುದು?

ಮಲಾಡಿನಲ್ಲಿರುವ ಮಗಳು ಸುಮಾ ಭಾನುವಾರ ಬಂದಾಗಲೆಲ್ಲ ನನ್ನ ಪರವಾಗಿ ವಾದಿಸುತ್ತಿದ್ದಳು. ಅವಳ ಕನ್ನಡ ಮುಂಬಯಿಯಲ್ಲೇ ಹುಟ್ಟಿ ಬೆಳೆದದ್ದು. "ಅಪ್ಪಾ, ಕಿತನಾ ಬೋರ್ ಮಾಡ್ತೀರಾ ನೀವು! ಅಮ್ಮನ್ನ ಕರ್ಕೊಂಡು ಹೋಗಿ ನಾ!" ಎಂದು ರೇಗಿದಾಗ ಇವರು ಪೇಪರಿನ ಹಿಂದಿನಿಂದ ಒಂದು ಮಾತು ಹೇಳಿದರು: "ಎಲಿಫೆಂಟಾ ನೋಡದೆ ಇರೋಳು ಆಲ್ಪ್ಸ್ ನೋಡ್ತಾಳಂತೆ."

ಎಲಿಫೆಂಟಾ ಗುಹೆಗಳು ಮುಂಬಯಿಯ ಕಡಲಲ್ಲೇ, ಮೋಟಾರು ದೋಣಿಯಲ್ಲಿ ಒಂದು ಗಂಟೆಯ ದಾರಿ. ಆ ಮಾತನ್ನು ನಾನು ಹಿಡಿದುಕೊಂಡೆ. ಮುಂದಿನ ಗುರುವಾರ ಬೆಳಿಗ್ಗೆಯೇ ಚಿತ್ರಾನ್ನ ಕಟ್ಟಿ, ಫ್ಲಾಸ್ಕಿಗೆ ಕಾಫಿ ಹಾಕಿ, "ನಡೀರಿ, ಎಲಿಫೆಂಟಾಗೆ" ಎಂದೆ. ಇವರ ಮುಖ ಬಿಳುಪೇರಿತು. ಹಿಂತೆಗೆಯೋಣವೆಂದರೆ ಆಡಿದ ಮಾತು ಅವರದೇ. ಚಪ್ಪಲಿ ಮೆಟ್ಟಿದರು. ಕಾಫಿ ಮಾತ್ರ ಮುಟ್ಟಲಿಲ್ಲ.

ಗೇಟ್‌ವೇಯಿಂದ ಲಾಂಚು ಹೊರಟು ಅರ್ಧ ಗಂಟೆಯಾಗಿರಬೇಕು. ನಾನು ಕಡಲ ಹಕ್ಕಿಗಳನ್ನು ನೋಡುತ್ತ ಮೈಮರೆತಿದ್ದೆ. ತಿರುಗಿ ನೋಡಿದರೆ ಇವರು ಕಂಬ ಹಿಡಿದು ಬೆವರುತ್ತಿದ್ದಾರೆ, ತುಟಿ ಕಚ್ಚಿದ್ದಾರೆ. ನನಗೆ ಕಂಡದ್ದು ಹಾರ್ಟ್ ಅಟ್ಯಾಕ್. ಮೂವತ್ತೊಂದು ವರ್ಷ ಅರವತ್ತು ಮಕ್ಕಳ ಗದ್ದಲವನ್ನು ಮೀರಿಸಿದ ಗಂಟಲಿನಲ್ಲಿ ಕೂಗಿಕೊಂಡೆ. ಲಾಂಚಿನಲ್ಲಿದ್ದವರೆಲ್ಲ ಮುತ್ತಿದರು. ಒಬ್ಬರು ಗಾಳಿ ಬೀಸಿದರು, ಒಬ್ಬರು ಅಂಗಿಯ ಗುಂಡಿ ಬಿಚ್ಚಿದರು, ಒಬ್ಬ ಪುಣ್ಯಾತ್ಮ ನೀರಿನ ಬಾಟಲಿ ತಂದು ಬಾಯಿಗೇ ಹಿಡಿದ. ಇವರು ಬಾಯಿ ಬಿಗಿಹಿಡಿದು ತಲೆ ಅಲ್ಲಾಡಿಸಿದರು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದೆ.

"ನೀರು ಬೇಡ ಕಣೆ," ಎಂದು ಉಸುರಿದರು. "ನೀರಿಂದಲೇ ಆಗಿರೋದು."

ದ್ವೀಪ ಮುಟ್ಟುತ್ತಲೇ, ಹಲಗೆ ಸರಿಯಾಗಿ ಇಡುವ ಮೊದಲೇ, ಇವರು ಓಡಿದರು. ಲೋಕಲ್ ಹಿಡಿಯಲು ಕೂಡ ಹಾಗೆ ಓಡಿದವರಲ್ಲ. ಪೊದೆಗಳ ಹಿಂದೆ ಮರೆಯಾಗಿ, ಬಹಳ ಹೊತ್ತಿನ ಮೇಲೆ ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕೂತರು. ಆಮೇಲೆ ಎಲ್ಲ ಹೇಳಿದರು. ಗಂಟೆಗೊಮ್ಮೆ ಹೋಗಬೇಕಾಗುವುದು, ಹೋದರೂ ಸಲೀಸಾಗದಿರುವುದು, ಎರಡು ವರ್ಷದಿಂದ ಹೀಗಿರುವುದು. ಬಸ್ಸಿನಲ್ಲಿ ನಲವತ್ತು ಜನರ ಎದುರು ಎದ್ದು ನಿಂತು, ಗಾಡಿ ನಿಲ್ಲಿಸಿ ಎಂದು ಹತ್ತು ಸಲ ಕೇಳುವುದಕ್ಕಿಂತ ದೇಶಭಕ್ತನೆನಿಸಿಕೊಳ್ಳುವುದು ಅವರಿಗೆ ಸುಲಭವಾಗಿ ಕಂಡಿತ್ತು.

ನನಗೆ ಸಿಟ್ಟು ಬಂತು. "ನನ್ನ ಹತ್ರ ಹೇಳೋಕೆ ಏನ್ರೀ ನಾಚಿಕೆ? ನಾನೇನು ಟೂರಿಸ್ಟೇ?"

"ನಿನ್ನ ಹತ್ರವೇ ನಾಚಿಕೆ," ಎಂದರು.

ಗುಹೆಯೊಳಗೆ ಹೋದೆವು. ಅಲ್ಲಿ ಮೂರು ಮುಖದ ಶಿವ. ಒಂದು ಮುಖ ಉಗ್ರ, ಒಂದು ಮೃದು, ನಡುವಿನದು ಕಣ್ಣು ಮುಚ್ಚಿ ಯಾರಿಗೂ ಏನೂ ಹೇಳದ್ದು. ಕಲಾವಿಮರ್ಶಕರು ಆ ಮೂರನ್ನು ಕುರಿತು ಏನೇನೋ ಬರೆದಿದ್ದಾರೆ. ನಾನು ಯೋಚಿಸಿದ್ದು ಇಷ್ಟೇ: ಪಾರ್ವತಿಗೆ ಎದುರಿನಿಂದ ಮೂರಾದರೂ ಕಾಣುತ್ತವೆ. ಒಂದೇ ಮುಖದ ಗಂಡನನ್ನು ಕಟ್ಟಿಕೊಂಡ ನಮಗೆ ಉಳಿದೆರಡು ಕಾಣಲು ಲಾಂಚೇ ಹತ್ತಬೇಕಾಯಿತು.

ಡಾಕ್ಟರು ಪರೀಕ್ಷಿಸಿ ಪ್ರಾಸ್ಟೇಟ್ ಎಂದರು. ಭಯಪಡುವಂಥದ್ದೇನಿಲ್ಲ, ಆದರೆ ಆಪರೇಷನ್ ಆಗಲೇಬೇಕು ಎಂದರು. "ಇಷ್ಟು ದಿನ ಏಕೆ ಬರಲಿಲ್ಲ?" ಎಂದು ಅವರು ಕೇಳಿದಾಗ ಇವರು ನನ್ನತ್ತ ನೋಡಿದರು, ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ. ಆಪರೇಷನ್ನಿನ ದಿನ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಮಗಳ ಕೈ ಹಿಡಿದು ಕೂತ ಮೂರು ಗಂಟೆ ಹೊತ್ತು ನನಗೆ ಭೂಪಟದಲ್ಲಿ ಯಾವ ದೇಶವೂ ಬೇಕಿರಲಿಲ್ಲ. ಡಾಕ್ಟರು ಹೊರಗೆ ಬಂದು ಎಲ್ಲ ಸರಿಯಾಗಿದೆ ಎಂದಾಗ ಸುಮಾ ಅತ್ತಳು. ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ವಡಾಪಾವ್ ತರಿಸಿ ಎರಡು ತಿಂದೆ.

ಮನೆಗೆ ಬಂದ ನಾಲ್ಕನೆಯ ದಿನ ಇವರು ದಿಂಬಿಗೊರಗಿ ಕೂತು, "ನೀನು ಹೋಗಿ ಬಾ," ಎಂದರು.

"ಎಲ್ಲಿಗೆ?"

"ಸ್ವಿಟ್ಜರ್ಲೆಂಡಿಗೆ. ಮೂರು ತಿಂಗಳು ದೂರ ಪ್ರಯಾಣ ಬೇಡ ಅಂತ ಡಾಕ್ಟರು ಹೇಳಿರೋದು ನನಗೆ, ನಿನಗಲ್ಲವಲ್ಲ. ಮುಂದಿನ ಗ್ರೂಪ್ ಟೂರು ಹೊರಡೋದಕ್ಕೆ ಇನ್ನೂ ಐದು ವಾರ ಇದೆ. ಅಷ್ಟರಲ್ಲಿ ನಾನು ಓಡಾಡ್ತಿರ್ತೀನಿ. ಸುಮಾ ಬಂದಿರ್ತಾಳೆ."

ಬೇರೆ ಕಥೆಗಳಲ್ಲಿ ಇಲ್ಲಿ ಹೆಂಡತಿಯ ಕಣ್ಣಲ್ಲಿ ಆನಂದಬಾಷ್ಪ ಬರುತ್ತದೆ. ನನಗೆ ಬಂದದ್ದು ಭಯ. ಏಕೆಂದರೆ ಐವತ್ತೊಂಬತ್ತು ವರ್ಷದಲ್ಲಿ ನಾನು ಒಂದು ರಾತ್ರಿಯೂ ನನ್ನವರೆನ್ನುವ ಒಬ್ಬರಿಲ್ಲದೆ ಎಲ್ಲೂ ಮಲಗಿದವಳಲ್ಲ. ತವರು, ಆಮೇಲೆ ಗಂಡನ ಮನೆ, ಹೆರಿಗೆಗೆ ತವರು, ಮತ್ತೆ ಗಂಡನ ಮನೆ. ಒಂದು ವರ್ಷ ಇವರು ಬೇಡ ಬೇಡ ಎಂದಾಗ ನಾನು ಮುನಿಸು ತೋರಿಸಿದ್ದೇನೋ ನಿಜ. ಆದರೆ ಆ 'ಬೇಡ'ದ ಹಿಂದೆ ನನ್ನ ಹೆದರಿಕೆ ಬೆಚ್ಚಗೆ ಅಡಗಿ ಕೂತಿತ್ತು. ಇವರು ನಿರಾಕರಿಸುವವರೆಗೂ ನಾನು ಧೈರ್ಯವಂತೆ. ಈಗ ಬಾಗಿಲು ತೆಗೆದುಬಿಟ್ಟರು. ಇವರು ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಬೈದವಳು ನಾನು. ನಾನು ಮುಚ್ಚಿಟ್ಟದ್ದನ್ನು ಹೇಳಲು ನನಗೂ ಎರಡು ದಿನ ಬೇಕಾಯಿತು.

ಹೇಳಿದೆ. ಇವರು ನಗಲಿಲ್ಲ. "ಹೆದರಿಕೆ ಆದರೆ ಹೆದರಿಕೊಂಡೇ ಹೋಗು," ಎಂದರು. "ಆಪರೇಷನ್‌ಗೆ ನಾನು ಹಾಗೇ ಹೋಗಿದ್ದು."

ಹೋದೆ. ವಿಮಾನದಲ್ಲಿ ಬೆಲ್ಟು ಕಟ್ಟಲು ಬಾರದೆ ಒದ್ದಾಡುತ್ತಿದ್ದಾಗ ಪಕ್ಕದ ಸೀಟಿನ ಹೆಂಗಸು ಕಟ್ಟಿಕೊಟ್ಟು, ಬಾಯಿಗೊಂದು ಚೂರು ಥೇಪ್ಲಾ, ಅವರ ಕಡೆಯ ಮೆಂತ್ಯದ ಚಪಾತಿ, ತುರುಕಿದರು. ಹಂಸಾಬೆನ್, ಮಲಾಡಿನ ಗುಜರಾತಿ, ಗಂಡ ತೀರಿಕೊಂಡು ಆರು ವರ್ಷ. ಹೋಟೆಲಿನ ಕೋಣೆಗೂ ನಾವಿಬ್ಬರೇ ಜೋಡಿ. ಮೊದಲ ರಾತ್ರಿ ದೀಪ ಆರಿಸಿದ ಮೇಲೆ "ಡರ್ ಲಗತಾ ಹೈ, ಬೆನ್?" ಎಂದು ಕೇಳಿದರು. ಹೌದು, ಹೆದರಿಕೆ ಎಂದೆ. "ಮುಝೆ ಭೀ," ಎಂದು ದೀಪ ಹಾಕಿದರು. ದೀಪ ಉರಿಸಿಕೊಂಡೇ ಇಬ್ಬರೂ ಗೊರಕೆ ಹೊಡೆದೆವಂತೆ. ಒಬ್ಬರ ಗೊರಕೆಯನ್ನು ಇನ್ನೊಬ್ಬರು ಬೆಳಿಗ್ಗೆ ವರದಿ ಮಾಡಿದೆವು. ಮೂರನೆಯ ರಾತ್ರಿಯಿಂದ ದೀಪ ಬೇಕಾಗಲಿಲ್ಲ.

ಎಲ್ಲಕ್ಕಿಂತ ಎತ್ತರದ ಶಿಖರಕ್ಕೆ ಕರೆದೊಯ್ದ ದಿನ ಮೋಡ ಕವಿದು, ಹಾಲಿನ ಪಾತ್ರೆಯೊಳಗೆ ನಿಂತ ಹಾಗಿತ್ತು. ಟೂರಿನವರೆಲ್ಲ ಗೊಣಗಿದರು. ಹಂಸಾಬೆನ್ ಮಾತ್ರ ಹಿಮದ ಮೇಲೆ ಸೀರೆ ಎತ್ತಿ ಕಟ್ಟಿ ಕೂತು, ಮಗುವಿನ ಹಾಗೆ ಜಾರಿದರು. ನಾನೂ ಜಾರಿದೆ. ಜ್ಯೂರಿಕ್‌ನಲ್ಲಿ ಟ್ರಾಮಿನಿಂದ ತಪ್ಪು ಜಾಗದಲ್ಲಿ ಇಳಿದು ದಾರಿ ತಪ್ಪಿಸಿಕೊಂಡೆ. ದಿಕ್ಕುಗಳನ್ನು ಕಲಿಸಿ ಪೆನ್ಷನ್ ಪಡೆಯುವವಳಿಗೆ ಉತ್ತರ ಯಾವುದು ದಕ್ಷಿಣ ಯಾವುದು ತಿಳಿಯದಾಯಿತು. ಒಬ್ಬ ಮುದುಕಿ ಹೋಟೆಲಿನ ಕಾರ್ಡು ನೋಡಿ, ಏನೋ ಹೇಳುತ್ತ, ಕೈ ಹಿಡಿದು ಬಾಗಿಲವರೆಗೂ ಬಿಟ್ಟಳು. ದಾರಿಯುದ್ದಕ್ಕೂ ಅವಳು ಅವಳ ಭಾಷೆಯಲ್ಲಿ, ನಾನು ಕನ್ನಡದಲ್ಲಿ ಮಾತಾಡಿದೆವು. ಇಬ್ಬರಿಗೂ ಮಂಡಿನೋವಿದೆ ಎಂಬುದು ಹೇಗೋ ಇಬ್ಬರಿಗೂ ಅರ್ಥವಾಯಿತು.

ಹದಿನಾರನೆಯ ದಿನ ಬೆಳಿಗ್ಗೆ ಸಹಾರ್ ವಿಮಾನ ನಿಲ್ದಾಣದಲ್ಲಿ ಇಳಿದೆ. ಇವರು ಕಂಬಿಗೊರಗಿ ನಿಂತಿದ್ದರು. ಸ್ವಲ್ಪ ಕಪ್ಪಾಗಿದ್ದರು, ಗೆಲುವಾಗಿದ್ದರು. ನಾನು ಹೇಳುವುದನ್ನೆಲ್ಲ ವಿಮಾನದಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಟ್ಯಾಕ್ಸಿ ಹತ್ತಿದ ಕೂಡಲೇ ಬಾಯಿ ತೆರೆದೆ. ಅಷ್ಟರಲ್ಲಿ ಇವರೇ ಶುರುಮಾಡಿದರು.

ಡಾಕ್ಟರು ನಡೆಯಲು ಹೇಳಿದ್ದರಲ್ಲ, ದಿನಾ ಬೆಳಿಗ್ಗೆ ಕಾಲನಿಯ ಕೊನೆಗೆ, ಗುಡ್ಡದ ಬುಡಕ್ಕೆ ಹೋಗುತ್ತಿದ್ದರಂತೆ. ಅಲ್ಲೊಂದು ಬಿಲ್ಡಿಂಗ್ ಏಳುತ್ತಿದೆ. ಕೆಲಸದವರೆಲ್ಲ ಬಿಜಾಪುರದ ಕಡೆಯವರು. ಇವರು ನಿಂತು ನೋಡುವುದನ್ನು ಕಂಡು, ಶಿವಪ್ಪ ಎಂಬ ಗಾರೆ ಕೆಲಸದ ಗೌಂಡಿ ನಾಲ್ಕನೆಯ ದಿನ ಕೇಳಿದನಂತೆ: "ಯಾಕ್ರಿ ಸಾಹೇಬ್ರ, ದಿನಾ ಬಂದು ನೋಡ್ತೀರಿ? ಗ್ವಾಡಿ ಸೊಟ್ಟ ಆಗೇತೇನ್ರಿ?"

"ನಾನಂದೆ, ಇಲ್ಲಪ್ಪ, ಗೋಡೆ ಬರೆದು ಬರೆದು ಬೆರಳು ಸವೆದಿದೆ, ಗೋಡೆ ಏಳೋದನ್ನ ಪೂರ್ತಿ ನಿಂತು ನೋಡಿದ್ದೇ ಇಲ್ಲ ಅಂತ. ಅವನು, ಹಂಗಾದ್ರ ಕುಂದ್ರಿ, ಚಾ ಕುಡೀರಿ, ಅಂದ. ಅವನ ಕನ್ನಡ ನನಗೆ ಅರ್ಧ ತಿಳಿಯುತ್ತೆ, ನನ್ನದು ಅವನಿಗೆ ಅರ್ಧ. ಒಟ್ಟಿಗೆ ಸೇರಿಸಿದರೆ ಸರಿಹೋಗುತ್ತೆ. ಅವನ ಹೆಂಡತಿ ಕೈಯಲ್ಲಿ ಜೋಳದ ರೊಟ್ಟಿ ತಟ್ಟೋದನ್ನ ನೀನು ನೋಡಬೇಕಿತ್ತು ಕಣೆ!"

"ಅಲ್ಲಿ ಒಬ್ಬಳು ಮುದುಕಿ ಸಿಕ್ಕಿದ್ಲು ರೀ..."

"ತಾಳು, ಭಾನುವಾರದ್ದು ಹೇಳಿಬಿಡ್ತೀನಿ. ಶಿವಪ್ಪ ನನ್ನನ್ನ ಗುಡ್ಡದ ಮೇಲೆ ಅರ್ಧದವರೆಗೂ ನಿಧಾನವಾಗಿ ಹತ್ತಿಸಿದ. ಆಚೆ ಕೆರೆ ಇದೆಯಂತೆ! ಪೂರ್ತಿ ಹತ್ತಿದರೆ ಕಾಣುತ್ತಂತೆ. ಇಪ್ಪತ್ತಾರು ವರ್ಷ ಇಲ್ಲೇ ಇದ್ದೀವಿ, ಗೊತ್ತಿತ್ತಾ ನಿನಗೆ?"

ಗೊತ್ತಿತ್ತು. ವಿಹಾರ ಸರೋವರ, ಪ್ರೈಮರಿ ಪಾಠದಲ್ಲೇ ಇದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, "ಹೌದೇನ್ರೀ?" ಎಂದೆ. ಮೂವತ್ತೊಂದು ವರ್ಷ ಹೇಳಿಕೊಟ್ಟವಳಿಗೆ ಕೇಳಿಸಿಕೊಳ್ಳುವುದೂ ಒಂದು ಪ್ರವಾಸ.

ಆದರೆ ಎಷ್ಟು ಹೊತ್ತು? ಅವರು ಉಸಿರು ತೆಗೆದುಕೊಂಡಾಗ ನಾನು ಜ್ಯೂರಿಕ್‌ಗೆ ಹಾರಿದೆ. ನಾನು ಕೆಮ್ಮಿದಾಗ ಅವರು ಗುಡ್ಡ ಹತ್ತಿದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದೆವು, ಇಬ್ಬರೂ ನಗುತ್ತಿದ್ದೆವು. ಮಂಡಿ, ರೊಟ್ಟಿ, ಹಿಮ, ಗಾರೆ, ಎಲ್ಲ ಕಲಸಿಹೋಯಿತು. ಮದುವೆಯಾದ ಹೊಸದರಲ್ಲೂ ನಾವು ಹೀಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಕುರ್ಲಾದ ಸಿಗ್ನಲಿನಲ್ಲಿ ಗಾಡಿ ನಿಂತಿತು. ನಮ್ಮ ಭಾಷೆ ತಿಳಿಯದ ಡ್ರೈವರು ಬಹಳ ಹೊತ್ತಿನಿಂದ ಕನ್ನಡಿಯಲ್ಲಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ತಡೆಯಲಾರದೆ ತಿರುಗಿ ಕೇಳಿಯೇಬಿಟ್ಟ.

"ಮಾಫ್ ಕರನಾ ಸಾಬ್, ಆಪ್ ದೋನೋಂ ಮೇ ಫಾರಿನ್ ಸೇ ಕೌನ್ ಆಯಾ ಹೈ?"

ಇಬ್ಬರಲ್ಲಿ ಫಾರಿನ್ನಿನಿಂದ ಬಂದವರು ಯಾರು? ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ.

"ದೋನೋಂ," ಎಂದೆ.