ತಪ್ಪು ಸಾಲಿನಲ್ಲಿ ಹಚ್ಚಿದ ಮೇಣದಬತ್ತಿ

ತಂಗಿ ತೀರಿಕೊಂಡದ್ದು ೧೯೭೪ರ ಮಾರ್ಚಿನಲ್ಲಿ, ಜ್ವರ ಬಂದ ಹನ್ನೊಂದನೆಯ ದಿನ. ಅವಳಿಗೆ ಆರು ವರ್ಷ, ನನಗೆ ಹದಿನೇಳು. ಅವಳ ಜ್ವರ ಎಷ್ಟು, ಗಂಜಿ ಎಷ್ಟು ಲೋಟ, ನಿದ್ದೆ ಎಷ್ಟು ಗಂಟೆ ಎಂದು ದಿನವೂ ಬರೆದಿಡುತ್ತಿದ್ದ ನಾನು, ಮಣ್ಣು ಮಾಡಿದ ದಿನವೂ ಬರೆದುಕೊಂಡೆ: ಗೇಟಿನಿಂದ ಒಂಬತ್ತನೆಯ ಸಾಲು, ನಡುದಾರಿಯ ಪಕ್ಕದ್ದು. ಕಲ್ಲು ಹಾಕಿಸುವ ಶಕ್ತಿ ನಮಗಿರಲಿಲ್ಲ. ಮರದ ಶಿಲುಬೆಯನ್ನು ಮೊದಲ ಮಳೆಗಾಲದಲ್ಲೇ ಗೆದ್ದಲು ತಿಂದಿತು.

ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ದಿನ ನಮ್ಮವರು ಸಮಾಧಿಗಳಿಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ರಾಜಾಜಿನಗರದಿಂದ ಬಸ್ಸಿನಲ್ಲಿ ಹೋಗಿ, ಮಾಗಡಿ ರಸ್ತೆಯಲ್ಲಿ ಇಳಿದು, ಸುಣ್ಣದ ಡಬ್ಬ ಹಿಡಿದು ನಾವು ನಡೆಯುತ್ತಿದ್ದೆವು. ಮೊದಲ ವರ್ಷ ಆರು ಮೇಣದಬತ್ತಿ, ಎರಡನೆಯ ವರ್ಷ ನಾಲ್ಕು. ಎರಡು ಸಲವೂ ನಾನೇ ಸಾಲು ಎಣಿಸಿ ಅಮ್ಮನನ್ನು ಕರೆದೊಯ್ದೆ.

ಮೂರನೆಯ ನವೆಂಬರಿನಲ್ಲಿ ಅಮ್ಮ ಸುಣ್ಣ ಬಳಿಯುತ್ತಿದ್ದಾಗ ಗುಂಡಿ ತೋಡುವ ತಾತ ಬಂದು ನಿಂತ.

"ಇಲ್ಲಿ ಮಲಗಿರೋ ಕೂಸು ನಿಮ್ಗೆ ಏನಾಗ್ಬೇಕಮ್ಮ?"

"ನನ್ ಮಗಳು ತಾತ."

"ಇದು ಗಂಡು ಮಗು. ತೋಡಿದ್ದು ನಾನೇ."

ಅಮ್ಮ ನಕ್ಕಳು. "ನಮ್ ಹುಡುಗಿ ಬರೆದಿಟ್ಟವ್ಳೆ ತಾತ. ಇವಳ ಪುಸ್ತಕದಲ್ಲಿ ಇಲ್ದೆ ಇದ್ರೆ ಸೂರ್ಯಾನೂ ಹುಟ್ಟಲ್ಲ."

ತಾತ ನನ್ನ ಕಡೆ ತಿರುಗಿ, "ಅವತ್ತು ಯಾವ ಗೇಟಲ್ಲಿ ಬಂದ್ರಿ ಮಗಾ?" ಎಂದ.

ಆಗಲೇ ನನಗೆ ನೆನಪಾಯಿತು. ಅಂದು ಮುಂದಿನ ಗೇಟಿನ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದಿದ್ದರು. ತಂಗಿಯ ಪೆಟ್ಟಿಗೆಯನ್ನು ಹಿಂದಿನ ಗೇಟಿನಿಂದ ತಂದಿದ್ದೆವು. ಆಮೇಲೆ ಪ್ರತಿ ಸಲವೂ ನಾನು ಎಣಿಸಿದ್ದು ಮುಂದಿನ ಗೇಟಿನಿಂದ.

ಹಿಂದಿನ ಗೇಟಿನಿಂದ ಒಂಬತ್ತನೆಯ ಸಾಲಿಗೆ ತಾತನೇ ಕರೆದೊಯ್ದ. ಅಲ್ಲಿ ಹೊಸ ಶಿಲುಬೆ ಇತ್ತು, ಅದರ ಮೇಲೆ ಬೇರೆ ಯಾರದೋ ಹೆಸರು.

"ಕಲ್ಲಿಲ್ದಿರೋ ಕಡೆ ಎರಡು ವರ್ಷ ಯಾರೂ ಬರ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರಮ್ಮ. ಆಗಸ್ಟಲ್ಲಿ ಕೊಟ್ರು. ಯಾರೂ ಬರ್ಲಿಲ್ವಲ್ಲ," ಎಂದು ಅವನು ಮೆಲ್ಲಗೆ ಹೇಳಿದ.

ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾರಿಯ ಅಂಚಿನಲ್ಲಿ ಕುಸಿದು ಕೂತು, ಕೈಗಂಟಿದ ಸುಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು.

"ಇಷ್ಟು ಜಾಗದಲ್ಲೇ ಕಳ್ಕೊಂಡ್ವಿ. ಅಲ್ಲಿ ಮೇಲೆ ಅಷ್ಟು ಜನರಲ್ಲಿ ಹೆಂಗೇ ಹುಡುಕ್ಲಿ ಅವಳನ್ನ? ಸಂತೇಲಿ ಕೈ ಬಿಟ್ರೇ ಅಳ್ತಿದ್ಲು."

ಪರಲೋಕದಲ್ಲಿ ಅಳುವಿಲ್ಲ, ನೋವಿಲ್ಲ ಎಂದು ಭಾನುವಾರದ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ನಾನೇ ಹೇಳಿಕೊಡುತ್ತಿದ್ದೆ. ಆಗ ಅದೊಂದೂ ಬಾಯಿಗೆ ಬರಲಿಲ್ಲ.

"ನೀನು ಹುಡುಕೋದು ಬೇಡಮ್ಮ. ದೇವರು ಅವಳನ್ನ ಎತ್ಕೊಂಡಿರ್ತಾನೆ. ನಿನ್ನ ನೋಡಿದ್ ತಕ್ಷಣ ಅವಳೇ ಓಡಿ ಬರ್ತಾಳೆ," ಎಂದೆ.

"ನಾನು ಹೋಗೋದು ಯಾವಾಗ್ಲೋ. ಅಷ್ಟೊತ್ತಿಗೆ ಕೂದ್ಲು ನೆರೆತು, ಹಲ್ಲು ಬಿದ್ದು ಮುದುಕಿ ಆಗಿರ್ತೀನಿ. ಅವಳಿಗೆ ಗುರುತು ಸಿಗುತ್ತೇನೇ?"

ಮೂರು ಸಾಲು ಆಚೆ ಚರ್ಚಿನ ಸ್ವಾಮಿಯವರು ತೀರ್ಥ ಚಿಮುಕಿಸುತ್ತಾ ಬರುತ್ತಿದ್ದರು. ಅಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು.

"ದೇವ್ರೇ ಹೇಳ್ತಾನೆ ಬಿಡು," ಎಂದಳು. "ಇವಳೇ ಕಣಮ್ಮ ನಿಮ್ಮಮ್ಮ, ಹೋಗು ಅಂತ."

ಅದನ್ನು ಅವಳು ನಂಬಿ ಹೇಳಿದಳೋ, ನನ್ನ ಮುಖ ನೋಡಿ ಹೇಳಿದಳೋ, ನಾನು ಕೇಳಲಿಲ್ಲ. ಅಂದಿನಿಂದ ನಾನಂತೂ ಅದನ್ನೇ ನಂಬಿಕೊಂಡಿದ್ದೇನೆ.