ಮೇಣದ ವಾಸನೆ

ನಾನು ಮೊದಲಿನಿಂದಲೂ ಪುಕ್ಕಲಿ. ಆನೆಗೆ ಹೆದರುವುದಕ್ಕೆ ನಮ್ಮ ಕಡೆ ಯಾರೂ ನಗುವುದಿಲ್ಲ, ಅದು ಬಿಡಿ. ನಾನು ಬಿಳಿ ಕ್ಯಾನ್ವಾಸಿಗೂ ಹೆದರುವವಳು. ಹೊಸದೊಂದನ್ನು ಗೋಡೆಗೆ ಆನಿಸಿಟ್ಟರೆ ಎರಡು ಮೂರು ದಿನ ಅದಕ್ಕೆ ಬೆನ್ನು ಹಾಕಿಯೇ ಓಡಾಡುತ್ತಿದ್ದೆ. ಬರೀ ಬಣ್ಣ ಬಿಟ್ಟು ಬಟ್ಟೆ, ಮಣ್ಣು, ತೊಗಟೆ ಎಲ್ಲ ಅಂಟಿಸುವ ಚಿತ್ರಗಳಿಗೆ ಹೇಗೆ ಬಂದಿರಿ ಎಂದು ಪ್ರದರ್ಶನಗಳಲ್ಲಿ ಯಾರಾದರೂ ಕೇಳಿದರೆ ಏನೋ ದೊಡ್ಡದಾಗಿ ಹೇಳಿ ಜಾರಿಕೊಳ್ಳುತ್ತೇನೆ. ನಿಜ ಇಷ್ಟೇ. ಆ ಬಿಳಿಯ ಮೇಲೆ ಮೊದಲು ಒಂದು ಹಿಡಿ ಕಾಫಿ ಹೊಟ್ಟು ಅಂಟಿಸಿಬಿಟ್ಟರೆ ಅರ್ಧ ಭಯ ಕಡಿಮೆಯಾಗುತ್ತಿತ್ತು.

ನಮ್ಮ ಮನೆ ವಯನಾಡಿನ ಕಲ್ಲೂರಿನಲ್ಲಿ ಹೆದ್ದಾರಿಯಿಂದ ಸುಮಾರು ಒಳಗೆ. ಹೆದ್ದಾರಿಗೆ ಹೋಗುವ ದಾರಿಯಲ್ಲಿ ಒಂದು ತಿರುವು, ತಿರುವಿನಾಚೆ ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ, ಬೇಲಿಯ ಮಗ್ಗುಲಲ್ಲೇ ತೇಗದ ತೋಟ, ಅದರಾಚೆ ಕಾಡು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು. ಹೆದ್ದಾರಿಯ ಪಕ್ಕದಲ್ಲಿರುವ ಹಾಲಿನ ಸೊಸೈಟಿಗೆ ಇವರು ದಿನಾ ಬೆಳಕು ಹರಿಯುವ ಮುಂಚೆ ಕ್ಯಾನು ಹೊತ್ತು ಹೋಗಬೇಕು, ತಡವಾದರೆ ವ್ಯಾನು ಹೊರಟುಹೋಗುತ್ತದೆ. ದಾರಿ ತೇಗದ ತೋಟದ ಅಂಚಿನಲ್ಲೇ. ಮದುವೆಯಾಗಿ ಬಂದಾಗಿನಿಂದ ಈ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಒಂದು ಮುಷ್ಟಿ ಬಿಗಿಯುತ್ತದೆ, ಖಾಲಿ ಕ್ಯಾನಿನ ಸದ್ದು ತಿರುವಿನಲ್ಲಿ ಕೇಳುವವರೆಗೆ ಅದು ಸಡಿಲವಾಗುವುದಿಲ್ಲ. ಈ ಭಯಕ್ಕೆ ಒಗ್ಗಿಕೊಳ್ಳುತ್ತೀಯ ಎಂದು ಎಲ್ಲರೂ ಹೇಳಿದರು. ಒಗ್ಗಿಕೊಳ್ಳಲಿಲ್ಲ.

ಅಂಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಳೆಗಾಲ ಅಂಗಡಿಯ ಅಂಟನ್ನು ಉಳಿಸುವುದಿಲ್ಲ. ಮೇ ತಿಂಗಳಲ್ಲಿ ಕಲ್ಲಿನ ಹಾಗೆ ಕೂತದ್ದು ಜುಲೈಯಲ್ಲಿ ಉಬ್ಬಿ, ಬೂಷ್ಟು ಹಿಡಿದು, ಚಿತ್ರ ಚರ್ಮ ಸುಲಿದಂತೆ ಎದ್ದು ಬರುತ್ತಿತ್ತು. ಶಿಬಿರವೊಂದರಲ್ಲಿ ಪಾಠ ಮಾಡಲು ಬಂದಿದ್ದ ಹಿರಿಯರೊಬ್ಬರು ಕಂದು ಬಣ್ಣದ ಹರಳುಗಳ ಪೊಟ್ಟಣ ಕೊಟ್ಟು, ಇದನ್ನು ಬಿಸಿನೀರಿನಲ್ಲಿ ಕರಗಿಸು, ನೂರು ವರ್ಷ ಬಿಡುವುದಿಲ್ಲ ಎಂದರು. ಮನೆಗೆ ತಂದು ಒಲೆಯ ಮೇಲಿಟ್ಟೆ. ಅತ್ತೆ ಮೂಗು ಹಿಂಡಿಕೊಂಡು ಇದು ಯಾತರಿಂದ ಮಾಡಿದ್ದು ಎಂದು ಕೇಳಿದರು. ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು, ಸರೇಸು ಅದು. ಜೈನರ ಅಡುಗೆಮನೆಯಲ್ಲಿ ಅದನ್ನು ಕುದಿಸಿದ ಸೊಸೆ ವಯನಾಡಿನಲ್ಲಿ ನಾನೊಬ್ಬಳೇ ಇರಬೇಕು. ಅತ್ತೆ ಬೈಯಲಿಲ್ಲ. ಪಾತ್ರೆಯನ್ನು ಸೌದೆ ಕೋಲಿನಲ್ಲಿ ಎತ್ತಿ ಹೊರಗಿಟ್ಟರು, ಒಲೆ ಸಾರಿಸಿದರು, ಸ್ನಾನ ಮಾಡಿದರು. ಆಮೇಲೆ ಅಟ್ಟದಿಂದ ಒಂದು ಕೋಲು ತಂದು ನನ್ನ ಮುಂದೆ ಹಾಕಿದರು. ಅದರ ತುದಿಯಲ್ಲಿ ಕಪ್ಪಗೆ ಮುಷ್ಟಿಗಾತ್ರದ ಹಲಸಿನ ಮೇಣ. ತೂತಾದ ಕೊಡ, ಒಡೆದ ಜಾಡಿ ಎಲ್ಲವನ್ನೂ ಮಾವನ ಕಾಲದಲ್ಲಿ ಬೆಂಕಿಗೆ ಹಿಡಿದು ಅದರಿಂದಲೇ ಮುಚ್ಚುತ್ತಿದ್ದರಂತೆ.

ಆ ಮೇಣ ನನ್ನ ಕೆಲಸವನ್ನೇ ಬದಲಿಸಿತು. ಬಿಸಿ ಮಾಡಿದರೆ ನೂಲಿನ ಹಾಗೆ ಎಳೆಯುತ್ತದೆ, ಆರಿದರೆ ಹಿಡಿದದ್ದನ್ನು ಬಿಡುವುದಿಲ್ಲ. ಬೇಕಾದಷ್ಟು ಸಿಗುತ್ತಲೂ ಇತ್ತು. ಕಾಡಂಚಿನಲ್ಲಿ ಯಾರೂ ಹಲಸನ್ನು, ನಮ್ಮ ಕಡೆಯ ಮಾತಿನಲ್ಲಿ ಚಕ್ಕವನ್ನು, ಮರದಲ್ಲಿ ಹಣ್ಣಾಗಲು ಬಿಡುವುದಿಲ್ಲ, ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ಎಳೆಯದಾಗಿರುವಾಗಲೇ ಕೊಯ್ದು ಕೆಡವುತ್ತಾರೆ. ಆ ದಿನಗಳಲ್ಲಿ ನಾನು ಕೋಲು ಹಿಡಿದು ಮನೆಮನೆಗೆ ಹೋಗಿ ತೊಟ್ಟಿನಿಂದ ಸುರಿಯುವ ಹಾಲನ್ನು ಸುತ್ತಿಕೊಂಡು ಬರುತ್ತಿದ್ದೆ. ಪಕ್ಕದ ಮನೆಯ ಮಲಯಾಳಿ ಅಕ್ಕ, ಚೇಚಿ, ನನ್ನನ್ನು ಕಂಡರೆ, ಮೇಣದವಳು ಬಂದಳು, ಕೂದಲು ಮುಚ್ಚಿಕೊಳ್ಳಿ ಎಂದು ತನ್ನ ಮನೆಯವರಿಗೆ ಹೇಳಿ ನಗುತ್ತಿದ್ದಳು.

ಹಾಗೇ ನಿಂತಿದ್ದರೆ ಸರಿಯಿತ್ತು. ಆದರೆ ಕೈ ಒಂದು ಕಡೆ ನಿಲ್ಲುವುದಿಲ್ಲವಲ್ಲ. ಮಾನಂದವಾಡಿಯ ನನ್ನ ತವರಿನಲ್ಲಿ ಹಣ್ಣು ಬಿಡಿಸುತ್ತಿದ್ದಾಗ ತೊಳೆಗಳ ಸುತ್ತ ಇರುವ ಹಳದಿ ನಾರನ್ನು ಸುಮ್ಮನೆ ಒಂದು ಬಟ್ಟೆಯ ಮೇಲೆ ಹರಡಿ ಒಣಗಿಸಿದೆ. ಒಣಗಿದ ಮೇಲೆ ನೋಡಿದರೆ ಜರತಾರಿ ಕಸೂತಿ. ಬೆಳಕಿಗೆ ಹಿಡಿದರೆ ಜೇನು ಬಣ್ಣ. ಅಷ್ಟು ವರ್ಷ ನಾನು ಬಣ್ಣದಲ್ಲಿ ಹುಡುಕಿ ಸಿಗದಿದ್ದದ್ದು ಅಲ್ಲಿತ್ತು. ಅಲ್ಲಿಂದ ಪ್ರತಿ ಹಂಗಾಮಿನಲ್ಲೂ ತವರಿನಿಂದ ಬಸ್ಸಿನಲ್ಲಿ ಚೀಲಗಟ್ಟಲೆ ನಾರು ತರತೊಡಗಿದೆ. ಊರೆಲ್ಲ ಹೆದರಿ ಕೆಡವುವುದನ್ನು ನಾನು ಟಿಕೆಟ್ ಕೊಟ್ಟು ಊರಿಗೆ ತರುತ್ತಿದ್ದೆ ಎಂದು ಈಗ ಹೊಳೆಯುತ್ತದೆ. ಆಗ ಯಾರಿಗೂ ಹಾಗೆ ಅನ್ನಿಸಲಿಲ್ಲ. ಒಣಗಿದ ನಾರಿಗೆ ವಾಸನೆ ಎಲ್ಲಿಂದ ಬರಬೇಕು ಎಂದು ಚೇಚಿಯೂ ಅಂದಳು, ಅತ್ತೆಯೂ ಅಂದರು. ಬೇಸಿಗೆಯಲ್ಲಿ ಆ ಮಾತು ನಿಜವೂ ಆಗಿತ್ತು.

ಚಿತ್ರ ಮಾಡುತ್ತಿದ್ದದ್ದು ಮನೆಗೆ ಅಂಟಿಕೊಂಡೇ ಇದ್ದ ಹಳೆಯ ಭತ್ತದ ಕೋಣೆಯಲ್ಲಿ. ಅಲ್ಲಿ ಥಂಡಿ. ಹೀಗಾಗಿ ಇವರ ಬೂದು ಸ್ವೆಟರನ್ನು ನಾನು ಹಗಲು ಹಾಕಿಕೊಳ್ಳುತ್ತಿದ್ದೆ. ಇವರದು ಚಳಿಯ ಮೈ, ಬೇಸಿಗೆಯಲ್ಲೂ ಬೆಳಿಗ್ಗೆ ಸ್ವೆಟರಿಲ್ಲದೆ ಹೊರಡುವುದಿಲ್ಲ. ಬೆಳಿಗ್ಗೆ ಅವರದು, ಅವರು ಬಂದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ ಮೇಲೆ ನನ್ನದು. ಇನ್ನೊಂದು ತೆಗೆದುಕೊಳ್ಳಿ ಎಂದರೆ, ಒಂದಕ್ಕೇ ಇಬ್ಬರ ಬಿಸಿ ಇರಲಿ ಬಿಡು ಎಂದು ನಗೆಯಾಡುತ್ತಿದ್ದರು. ಹೋದ ವರ್ಷ ಮಳೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಅದರ ಬಲದ ತೋಳು ಮೊಣಕೈವರೆಗೆ ಹರಿದು ಬಂದಿತು. ಕರು ಅಗಿದುಬಿಟ್ಟಿತು ಎಂದರು. ನಾನು ಕರುವಿಗೆ ನಾಲ್ಕು ಮಾತು ಬೈದು, ಕೂತು, ಕಪ್ಪು ದಾರದಲ್ಲಿ ತೋಳನ್ನು ಹೊಲಿದುಕೊಟ್ಟೆ. ನನ್ನ ಹೊಲಿಗೆ ಅಚ್ಚುಕಟ್ಟಲ್ಲ, ಎದ್ದು ಕಾಣುತ್ತಿತ್ತು.

ಮಳೆ ಹಿಡಿದು ಕೆಲವು ದಿನಗಳಾಗಿತ್ತು. ಸೂರ್ಯ ಮುಳುಗುವ ಮುಂಚೆ ನಮ್ಮ ಊಟ ಮುಗಿಯುತ್ತದೆ. ಪಾತ್ರೆ ತೊಳೆದು ನಡುಮನೆಯಲ್ಲಿ ಕೂತಿದ್ದೆವು, ಕರೆಂಟು ಹೋಗಿತ್ತು. ಭತ್ತದ ಕೋಣೆಯ ಕಡೆ ಒಂದು ಹೆಂಚು ಜಾರಿ ಬಿದ್ದ ಸದ್ದಾಯಿತು. ಬೆಕ್ಕು ಅಂದುಕೊಂಡೆ. ಆಮೇಲೆ ಕಿಟಕಿಯ ಮರದ ಸರಳು ಮುರಿಯಿತು. ಬೆಕ್ಕು ಸರಳು ಮುರಿಯುವುದಿಲ್ಲ.

ನಮಗೂ ಆ ಕೋಣೆಗೂ ನಡುವಿನ ಗೋಡೆ ಸೂರಿನವರೆಗೆ ಹೋಗುವುದಿಲ್ಲ, ಮೇಲೆ ತೆರೆದೇ ಇದೆ. ಅದರಿಂದ ಒದ್ದೆ ಮೈಯ ಘಾಟು ನಡುಮನೆಗೆ ಇಳಿಯಿತು. ಅದು ಉಸಿರು ಬಿಡುವುದು ಕೇಳಿಸುತ್ತಿತ್ತು. ಇವರು ಟಾರ್ಚಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು, ಬೆರಳುಗಳ ಸಂದಿ ಕೆಂಪಗೆ ಕಂಡಿತು. ಅತ್ತೆಯ ತುಟಿ ಣಮೋಕಾರ ಮಂತ್ರ ಹೇಳುತ್ತಿತ್ತು, ಸ್ವರ ಇರಲಿಲ್ಲ. ನಾನು, ಎಲ್ಲಿ ಸೀನು ಬಂದುಬಿಡುತ್ತದೋ ಎಂದು ಮೂಗು ಅದುಮಿಕೊಂಡು ಕೂತಿದ್ದೆ. ಆಗ ಬಟ್ಟೆ ಹರಿಯುವ ಸದ್ದು. ಪರ್ರನೆ, ಉದ್ದಕ್ಕೆ. ಕಿಟಕಿಯ ಪಕ್ಕಕ್ಕಿದ್ದ ಚಿತ್ರ ಯಾವುದೆಂದು ನನಗೆ ಗೊತ್ತು. ಆಮೇಲೆ ಅಗಿಯುವುದು, ನಿಧಾನವಾಗಿ, ನಮ್ಮ ಹಸು ಹುಲ್ಲು ಅಗಿಯುವ ಹಾಗೆಯೇ. ನನಗೆ ಚಿತ್ರದ ಚಿಂತೆ ಒಂದು ಚೂರೂ ಇರಲಿಲ್ಲ. ಈ ಗೋಡೆ ಮಣ್ಣಿನದು ಎಂಬುದೊಂದೇ ತಲೆಯಲ್ಲಿತ್ತು.

ಅದು ಹೋಯಿತು. ಬೆಳಿಗ್ಗೆ ನೋಡಿದರೆ ಚಿತ್ರದ ಚೌಕಟ್ಟು ಅಂಗಳದಲ್ಲಿ, ಬಟ್ಟೆ ಜಗಿದು ಉಗುಳಿದ್ದು ಬೇಲಿಯ ಹತ್ತಿರ. ನಾರು ಮಾತ್ರ ಒಂದೆಳೆಯೂ ಉಳಿದಿರಲಿಲ್ಲ. ಮಳೆಯ ತೇವಕ್ಕೆ ಮೇಣ, ನಾರು ಎರಡೂ ಮೆತ್ತಗಾಗಿ ಹಣ್ಣಿನ ವಾಸನೆ ಮರಳಿ ಬಂದಿತ್ತು. ದಿನಾ ಅದರೊಳಗೇ ಇದ್ದ ನಮ್ಮ ಮೂಗಿಗೆ ಅದು ಸತ್ತುಹೋಗಿತ್ತು. ಅರಣ್ಯದ ವಾಚರ್ ಬಂದು ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಮಾತೇ. ಅದಕ್ಕೆ ರುಚಿ ಸಿಕ್ಕಿದೆ, ಮತ್ತೆ ಬರುತ್ತದೆ, ವಾಸನೆ ಇರುವ ಒಂದು ವಸ್ತುವನ್ನೂ ಮನೆಯಲ್ಲಿ ಇಡಬೇಡಿ.

ಒಂದು ವಸ್ತು ಎಂದರೆ ನನ್ನ ಏಳೆಂಟು ವರ್ಷದ ಕೆಲಸ ಅಷ್ಟೂ. ಯೋಚಿಸಲು ಏನಿತ್ತು? ಬರುವ ಆನೆ ತೇಗದ ತೋಟ ದಾಟಿಯೇ ಬರಬೇಕು, ಹೋಗುವ ಗಂಡಸೂ ಆ ದಾರಿಯಲ್ಲೇ ಹೋಗಬೇಕು. ಜೀಪು ಕರೆಸಿ ಎಲ್ಲ ಚಿತ್ರಗಳನ್ನೂ, ಕೋಲುಗಳನ್ನೂ, ಒಣಗಲು ಹಾಕಿದ್ದ ನಾರನ್ನೂ ಮಾನಂದವಾಡಿಗೆ ಸಾಗಿಸಿ ತವರಿನ ಮಹಡಿಯಲ್ಲಿ ತುಂಬಿದೆ. ಸಾಮಾನನ್ನೆಲ್ಲ ಇವರೇ ಒಂದೊಂದಾಗಿ ಜೀಪಿಗೆ ಏರಿಸಿದರು. ಮಹಡಿಯ ಕೋಣೆಗೆ ಬೀಗ ಹಾಕಿ ಕೆಲವು ದಿನ ಕೆಳಗೆ ಅಮ್ಮನ ಜೊತೆ ಇದ್ದು ಊರಿಗೆ ಬಂದೆ. ಭತ್ತದ ಕೋಣೆಯನ್ನು ಅತ್ತೆ ಸಗಣಿ ಹಾಕಿ ಸಾರಿಸಿಟ್ಟಿದ್ದರು. ಖಾಲಿ ಗೋಡೆ ನೋಡಿ ಅಳು ಬಂತು, ಜೊತೆಗೆ ನೆಮ್ಮದಿಯೂ ಆಯಿತು, ಸುಳ್ಳೇಕೆ ಹೇಳಲಿ. ಇನ್ನು ಇವರು ಹಿಂದಿರುಗುವವರೆಗೆ ಮುಷ್ಟಿ ಬಿಗಿಯುವುದು ಕಡಿಮೆಯಾದೀತು ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಇವರು ಸ್ವೆಟರ್ ಹಾಕಿಕೊಂಡು, ಕೊಡೆ ಹಿಡಿದು, ಕ್ಯಾನು ಹೊತ್ತು ಹೊರಟರು. ನಾನು ಜಗಲಿಯಲ್ಲಿ ನಿಂತು ತಿರುವಿನವರೆಗೆ ಟಾರ್ಚಿನ ಬೆಳಕು ನೋಡಿ ಒಳಗೆ ಬಂದೆ. ಬಾಗಿಲ ಪಕ್ಕದ ಮೊಳೆ ಖಾಲಿ ಇತ್ತು. ಅಲ್ಲಿ ಘಮ್ಮೆಂದು ಹಣ್ಣು ಹಲಸಿನ ವಾಸನೆ ಹೊಡೆಯಿತು. ಹಲಸಿನಿಂದ ದೂರವಿದ್ದ ಆ ಕೆಲವು ದಿನಗಳಲ್ಲಿ ನನ್ನ ಮೂಗು ಮತ್ತೆ ಬದುಕಿಕೊಂಡಿತ್ತು. ಸುಣ್ಣದ ಗೋಡೆಯ ಮೇಲೆ, ಸ್ವೆಟರಿನ ತೋಳು ಇಳಿಬಿದ್ದಿರುವ ಕಡೆ, ಅಂಗೈ ಅಗಲದ ಕಂದು ಕಲೆ. ವರ್ಷಗಟ್ಟಲೆ ಮೇಣದ ಕೈಯನ್ನು ನಾನು ಆ ತೋಳಿಗೇ ಒರೆಸುತ್ತಿದ್ದೆ. ಮನೆಯಿಂದ ಎಲ್ಲವನ್ನೂ ಹೊರಗೆ ಸಾಗಿಸಿದವಳು ಅದನ್ನು ಮಾತ್ರ ಇವರ ಮೈಮೇಲೆ ಹೊದಿಸಿ ಕಾಡಿನಂಚಿಗೆ ಕಳಿಸಿದ್ದೆ.

ಅತ್ತೆಗೆ ಹೇಳಲೂ ನಿಲ್ಲಲಿಲ್ಲ. ಚಪ್ಪಲಿ ಇಲ್ಲದೆ ಓಡಿದೆ. ಟಾರ್ಚಿನ ಬೆಳಕು ಒಮ್ಮೆ ಮರಕ್ಕೆ, ಒಮ್ಮೆ ನೆಲಕ್ಕೆ. ಇವರನ್ನು ಕೂಗಬೇಕು ಅನ್ನಿಸಿತು, ಕೂಗಿದರೆ ಅದಕ್ಕೂ ಕೇಳುತ್ತದೆ ಅನ್ನಿಸಿತು. ತಿರುವು ದಾಟಿದೆ. ಸೋಲಾರ್ ಬೇಲಿಯ ಕಂಬದಲ್ಲಿ ಸ್ವೆಟರ್ ನೇತಾಡುತ್ತಿತ್ತು. ತೋಳುಗಳು ಕೆಳಗೆ, ಮಳೆಗೆ ನೆನೆದು, ನನ್ನ ಕಪ್ಪು ಹೊಲಿಗೆ ಎದ್ದು ಕಾಣುವಂತೆ. ಅದರೊಳಗೆ ಮನುಷ್ಯ ಇರಲಿಲ್ಲ.

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಸುತ್ತ ಬೆಳಕು ಬಿಡಲು ಧೈರ್ಯ ಬರಲಿಲ್ಲ. ಬಿಟ್ಟರೆ ಏನು ಕಂಡೀತು ಎಂಬುದು ನನಗೆ ಆಗಲೇ ಕಾಣುತ್ತಿತ್ತು. ಕೊನೆಗೆ ಕಾಲುಗಳು ತಾವಾಗಿಯೇ ಹೆದ್ದಾರಿಯ ಕಡೆ ಹೊರಟವು.

ಸೊಸೈಟಿಯ ದೀಪದ ಕೆಳಗೆ ಇವರು ಸಾಲಿನಲ್ಲಿ ನಿಂತಿದ್ದರು. ಬರೀ ಅಂಗಿ, ಹೆಗಲಿಗೆ ಟವೆಲು, ಎದೆಗೆ ಕೈ ಕಟ್ಟಿ ನಡುಗುತ್ತಿದ್ದರು. ನನ್ನ ಕೆಸರು ಕಾಲು ನೋಡಿ ಅವರಿಗೆ ಎಲ್ಲ ತಿಳಿಯಿತು. ಹಾಲು ಅಳೆಸಿ, ಖಾಲಿ ಕ್ಯಾನು ಎತ್ತಿಕೊಂಡು ನನ್ನ ಜೊತೆ ಹೊರಟರು. ಬೆಳಕು ಹರಿಯುತ್ತಿದ್ದಾಗ ದಾರಿಯಲ್ಲಿ, ನನ್ನ ಮುಖ ನೋಡದೆ ಹೇಳಿದರು.

"ಮಳೆ ಸುರುವಾಗೂಕೆ ಮುಂಚೆ ಒಂದಿನ ತೇಗದ ತೋಟದಿಂದ ಹಿಂದೇನೇ ಬಂತು. ಎಷ್ಟು ಓಡಿದ್ರೂ ಬಿಡ್ಲಿಲ್ಲ. ಸ್ವೆಟ್ರು ಬಿಚ್ಚಿ ಎಸ್ದೆ, ಅಲ್ಲೇ ನಿಂತ್ಕಂಡು ತೋಳು ಅಗೀತು. ಚಕ್ಕ ವಾಸ್ನೆಗೇ ಬಂದಿದ್ದು ಅಂತ ಆಗ ಗೊತ್ತಾಯ್ತು. ಅವತ್ತಿಂದ ಕಂಬಕ್ಕೆ ಹಾಕಿ ಹೋಗ್ತೀನಿ, ಬರೋವಾಗ ಹಾಕ್ಕಂತೀನಿ."

"ನನಗೇಕೆ ಹೇಳಲಿಲ್ಲ?"

"ಹೇಳಿದ್ರೆ ನೀ ಕೆಲ್ಸ ಬಿಟ್ಬುಡ್ತಿದ್ದೆ. ಸಾರಮಿಲ್ಲ, ಹೋಯ್ತಲ್ಲ."

ಸಾರಮಿಲ್ಲ, ಪರವಾಗಿಲ್ಲವಂತೆ. ನನಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು. ಮನೆಗೆ ಆನೆ ಬರುವುದಕ್ಕೂ ಮುಂಚೆ ಇವರಿಗೆ ಎಲ್ಲ ಗೊತ್ತಿತ್ತು. ನಾನು ಒಳಗೆ ಬೆಚ್ಚಗೆ ಕೂತು ಜೇನು ಬಣ್ಣ ಜೇನು ಬಣ್ಣ ಎಂದು ಕುಣಿಯುತ್ತಿದ್ದಾಗ, ನನ್ನ ಚಿತ್ರ ನಿಲ್ಲಬಾರದೆಂದು ಇವರು ದಿನಾ ಚಳಿಯಲ್ಲಿ ಅಂಗಿಯಲ್ಲೇ ನಡೆದಿದ್ದರು. ಕಂಬದಿಂದ ಸ್ವೆಟರನ್ನು ನಾನೇ ಇಳಿಸಿದೆ, ಇವರ ಕೈಗೆ ಕೊಡಲಿಲ್ಲ. ಮನೆಗೆ ತಂದು ಗೊಬ್ಬರದ ಗುಂಡಿಯಲ್ಲಿ ಆಳಕ್ಕೆ ಹೂತುಹಾಕಿದೆ.

ಈಗ ನಾನು ಏನನ್ನೂ ಅಂಟಿಸುವುದಿಲ್ಲ, ಹೊಲಿಯುತ್ತೇನೆ. ಬೂದಿ, ಸುಣ್ಣ, ಕೆಮ್ಮಣ್ಣು ಬಳಿದ ಬಟ್ಟೆಯ ತುಂಡುಗಳನ್ನು ಕಪ್ಪು ದಾರದಲ್ಲಿ ಜೋಡಿಸುತ್ತೇನೆ. ಆ ತೋಳಿಗೆ ಹಾಕಿದ ಒಡ್ಡೊಡ್ಡು ಹೊಲಿಗೆಯೇ. ದಾರಕ್ಕೆ ವಾಸನೆ ಇಲ್ಲ. ಚಿತ್ರಗಳು ಮೊದಲಿನಷ್ಟು ಚೆಂದವಿಲ್ಲ ಎಂದು ನೋಡಿದವರು ಹೇಳಿದರು, ನನಗೂ ಹಾಗೇ ಅನ್ನಿಸುತ್ತದೆ. ಇವರಿಗೆ ನೀಲಿ ಬಣ್ಣದ ಹೊಸ ಸ್ವೆಟರ್ ಬಂದಿದೆ, ಅದನ್ನು ನಾನು ಹಾಕಿಕೊಳ್ಳುವುದಿಲ್ಲ. ದಿನಾ ಬೆಳಿಗ್ಗೆ ಕ್ಯಾನಿನ ಸದ್ದು ಕೇಳಿದೊಡನೆ ಅಂಗಳಕ್ಕೆ ಇಳಿದು ದಾರಿಯಲ್ಲಿ ಏನಾದರೂ ಇತ್ತಾ ಎಂದು ಕೇಳುತ್ತೇನೆ. ಏನೂ ಇಲ್ಲ ಎನ್ನುತ್ತಾರೆ. ಮುಷ್ಟಿ ಸಡಿಲವಾಗುವುದಿಲ್ಲ. ಸ್ವೆಟರ್ ಮೊಳೆಗೆ ಸಿಕ್ಕಿಸಿ ಅವರು ಕಾಲು ತೊಳೆಯಲು ಹಿತ್ತಿಲಿಗೆ ಹೋದ ಮೇಲೆ, ಎಲ್ಲಾದರೂ ಹರಿದಿದೆಯಾ ಎಂದು ಅದರ ತೋಳುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡುತ್ತೇನೆ.